‘ಹೋಮ್‌ಲ್ಯಾಂಡ್ ಸೆಕ್ಯುರಿಟಿ ಓದ್ಬೇಕು ಆಂಟಿ’

ಇವತ್ತಿನ ಮಾತು ಮುಖ್ಯವಾಗಿ ಇಲ್ಲೇ ಹುಟ್ಟಿ ಬೆಳೆದ ನಮ್ಮ ಹುಡುಗ ಹುಡುಗಿಯರಿಗೆ. ಅಪ್ಪ ಅಮ್ಮಂದಿರು ಕೇಳಬಾರದು ಅಂತ ಏನಿಲ್ಲ. ಪಕ್ಕದಲ್ಲಿ ಕೂತು ಕೇಳಿಸಿಕೊಂಡರೆ ಇನ್ನೂ ಒಳ್ಳೆಯದು.

ಯುಗಾದಿ ಕಾರ್ಯಕ್ರಮದ ದಿನ ಊಟದ ಸಾಲಿನಲ್ಲಿ ನಾನು ಚಿತ್ರಾನ್ನ ಬಡಿಸುತ್ತಿದ್ದೆ. ಹಿಂದೆ ನಮ್ಮ ಭಾನುವಾರದ ಕನ್ನಡ ತರಗತಿಯಲ್ಲಿ ನನ್ನ ಹತ್ತಿರ ಅ ಆ ಇ ಈ ಕಲಿತ ಹುಡುಗನೊಬ್ಬ ತಟ್ಟೆ ಹಿಡಿದು ಬಂದ. ಈಗ ಕಾಲೇಜಿನ ಕೊನೆಯ ವರ್ಷದಲ್ಲಿದ್ದಾನೆ. "ಆಂಟಿ, ನಾನು ಹೋಮ್‌ಲ್ಯಾಂಡ್ ಸೆಕ್ಯುರಿಟಿಲಿ ಮಾಸ್ಟರ್ಸ್ ಮಾಡ್ಬೇಕು ಅಂತಿದೀನಿ. ಮನೇಲಿ ಒಪ್ತಿಲ್ಲ. ನಿಮ್ಮ ಮಗಳು ಅದನ್ನೇ ಓದ್ತಿದಾಳಲ್ಲ, ನೀವು ಹೇಗೆ ಒಪ್ಕೊಂಡ್ರಿ?" ಅಂತ ಕೇಳಿದ. ಅವನ ಹಿಂದೆ ಸಾಲು ಉದ್ದವಿತ್ತು. "ಊಟ ಆದ್ಮೇಲೆ ಹೇಳ್ತೀನಿ ಕಣೋ" ಅಂದೆ. ಊಟವಾದ ಮೇಲೆ ಪಾತ್ರೆ ಎತ್ತಿಡುವ ಗಡಿಬಿಡಿಯಲ್ಲಿ ಹೇಳಲು ಆಗಲೇ ಇಲ್ಲ. ಅವನಿಗೆ ಹೇಳಬೇಕಾಗಿದ್ದನ್ನು ಇವತ್ತು ನಿಮ್ಮೆಲ್ಲರಿಗೂ ಹೇಳುತ್ತೇನೆ.

ನಾನು ಈ ವಿಷಯ ಓದಿದವಳಲ್ಲ. ಮಾನಸಗಂಗೋತ್ರಿಯಲ್ಲಿ ಕನ್ನಡ ಎಂ.ಎ. ಮಾಡಿ, ಮದುವೆಯಾಗಿ 2001ರ ಜನವರಿಯಲ್ಲಿ ಈ ದೇಶಕ್ಕೆ ಬಂದವಳು. ಮನೆ ನೋಡಿಕೊಂಡು, ಬಿಡುವಿದ್ದಾಗ ಸ್ವಯಂಸೇವಕಿಯಾಗಿ ಕೆಲಸ ಮಾಡಿಕೊಂಡು ಇದ್ದೇನೆ. ಮಗಳ ಪಕ್ಕದಲ್ಲಿ ಕೂತು, ಅವಳ ಜೊತೆ ಜಗಳ ಆಡಿ, ಅವಳ ಪುಸ್ತಕ ತಿರುವಿ ತಿಳಿದುಕೊಂಡದ್ದು ಇಷ್ಟು.

ಮೊದಲಿಗೆ ಆ ಹೆಸರು. ಕನ್ನಡ ಪತ್ರಿಕೆಗಳಲ್ಲಿ ‘ಆಂತರಿಕ ಭದ್ರತಾ ಇಲಾಖೆ’ ಅಂತ ಬರೆಯುತ್ತಾರೆ. ತಪ್ಪಲ್ಲ. ಆದರೆ ‘ಹೋಮ್‌ಲ್ಯಾಂಡ್’ ಅನ್ನುವುದಕ್ಕೆ ನಮ್ಮಲ್ಲಿರುವ ಹತ್ತಿರದ ಮಾತು ‘ತಾಯ್ನಾಡು’. ನನಗೆ ತಾಯ್ನಾಡು ಅಂದ ಕೂಡಲೇ ಅರಸೀಕೆರೆ ಕಣ್ಣಮುಂದೆ ಬರುತ್ತದೆ. ನನ್ನ ಮಗಳಿಗೆ ಬರುವುದು ನಮ್ಮ ಮನೆಯ ಹಿಂದಿನ ಬೇಲಿ, ಶಾಲೆಯ ಬಸ್ಸು, ಇಲ್ಲಿನ ಬಯೂ ಅನ್ನುವ ನಿಧಾನದ ಹೊಳೆ. ಒಂದೇ ಮನೆಯಲ್ಲಿದ್ದರೂ ನಮ್ಮಿಬ್ಬರ ತಾಯ್ನಾಡು ಬೇರೆ ಬೇರೆ. ಇದನ್ನು ಒಪ್ಪಿಕೊಳ್ಳುವುದಕ್ಕೆ ನನಗೆ ತುಂಬ ವರ್ಷ ಬೇಕಾಯಿತು. ನಿಮ್ಮ ಅಪ್ಪ ಅಮ್ಮನಿಗೂ ಬೇಕಾಗಬಹುದು, ಸ್ವಲ್ಪ ತಾಳ್ಮೆ ಇರಲಿ.

ಇಲಾಖೆ ಹುಟ್ಟಿದ ಕಥೆ ನಿಮಗೆ ಗೊತ್ತೇ ಇರುತ್ತದೆ. 2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ ಸುಮಾರು 3 ಸಾವಿರ ಜನ ಸತ್ತರು. 2002ರ ನವೆಂಬರಿನಲ್ಲಿ ಕಾನೂನಾಯಿತು, 2003ರ ಮಾರ್ಚ್ 1ರಿಂದ ಇಲಾಖೆ ಕೆಲಸ ಶುರುಮಾಡಿತು. ಅಲ್ಲಿ ಇಲ್ಲಿ ಹರಡಿಕೊಂಡಿದ್ದ 22 ಸರ್ಕಾರಿ ಸಂಸ್ಥೆಗಳನ್ನು ತಂದು ಒಂದೇ ಸೂರಿನ ಕೆಳಗೆ ಇಟ್ಟರು. ವಿಮಾನ ನಿಲ್ದಾಣದಲ್ಲಿ ಬೂಟು ಬಿಚ್ಚಿಸುತ್ತಿದ್ದ ಟಿಎಸ್‌ಎ, ಗಡಿಯಲ್ಲಿ ಪಾಸ್‌ಪೋರ್ಟ್ ನೋಡುವ ಸಿಬಿಪಿ, ಪ್ರವಾಹ ಬಂದಾಗ ನೆರವಿಗೆ ಬರುವ ಫೀಮಾ, ಸಮುದ್ರ ಕಾಯುವ ಕೋಸ್ಟ್ ಗಾರ್ಡ್, ಅಧ್ಯಕ್ಷರನ್ನು ಕಾಯುವ ಸೀಕ್ರೆಟ್ ಸರ್ವಿಸ್, ನಮ್ಮೆಲ್ಲರ ಗ್ರೀನ್ ಕಾರ್ಡ್ ಅರ್ಜಿ ನೋಡುವ ಯುಎಸ್‌ಸಿಐಎಸ್ ಎಲ್ಲವೂ ಇದರ ಒಳಗೇ ಬರುತ್ತವೆ. ಕಂಪ್ಯೂಟರ್ ಜಾಲಗಳ ರಕ್ಷಣೆಗೆ 2018ರಲ್ಲಿ ಸಿಸಾ ಅನ್ನುವ ಸಂಸ್ಥೆಯೂ ಬಂತು.

‘ಸೆಕ್ಯುರಿಟಿ’ ಅಂದ ಕೂಡಲೇ ನಿಮ್ಮ ಅಮ್ಮನ ಕಣ್ಣಿಗೆ ಬಂದೂಕು ಕಾಣಿಸುತ್ತದೆ. ನನಗೂ ಹಾಗೇ ಕಂಡಿತ್ತು. ಅದಕ್ಕೆ ಮಗಳು ನನಗೆ ಕೊಟ್ಟ ಮೊದಲ ಪಾಠ ಕರಿಬೇವಿನದು.

ಕೆಲವು ವರ್ಷದ ಹಿಂದೆ ನಮ್ಮ ಅತ್ತೆ ಊರಿನಿಂದ ಬರುವಾಗ ಹಿತ್ತಲಿನ ಕರಿಬೇವು ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಸೀರೆ ನಡುವೆ ಇಟ್ಟು ತಂದಿದ್ದರು. ವಿಮಾನ ನಿಲ್ದಾಣದಲ್ಲಿ ಅಧಿಕಾರಿಯೊಬ್ಬರು ಅದನ್ನು ತೆಗೆದು ಕಸಕ್ಕೆ ಹಾಕಿದರು. "ಎರಡು ಎಲೆಗೆ ಇಷ್ಟೊಂದು ಗಲಾಟೆಯಾ? ನಾನೇನು ಕಳ್ಳಿಯಾ?" ಅಂತ ಅತ್ತೆ ವಾರವಿಡೀ ನೊಂದುಕೊಂಡರು. ನನಗೂ ಸಿಟ್ಟು ಬಂದಿತ್ತು. ಆಮೇಲೆ ತಿಳಿಯಿತು: ಕರಿಬೇವಿನ ಎಲೆಯ ಮೇಲೆ ಒಂದು ಸಣ್ಣ ಕೀಟ ಬದುಕುತ್ತದೆ. ಅದೇ ಕೀಟ ಕಿತ್ತಳೆ, ನಿಂಬೆ ಗಿಡಗಳಿಗೆ ‘ಸಿಟ್ರಸ್ ಗ್ರೀನಿಂಗ್’ ಅನ್ನುವ ರೋಗ ಹರಡುತ್ತದೆ. ಆ ರೋಗಕ್ಕೆ ಮದ್ದಿಲ್ಲ. ಫ್ಲೋರಿಡಾದಲ್ಲಿ ಅದು 2005ರಲ್ಲಿ ಕಾಣಿಸಿಕೊಂಡಿತು. ರೋಗದ ಜೊತೆ ಚಂಡಮಾರುತಗಳೂ ಸೇರಿ ಅಲ್ಲಿನ ಕಿತ್ತಳೆ ಬೆಳೆ ಈಗ ಹಿಂದಿನ ಹತ್ತರಲ್ಲಿ ಒಂದು ಪಾಲೂ ಉಳಿದಿಲ್ಲ. ಎಷ್ಟೋ ಕುಟುಂಬಗಳು ತೋಟ ಮಾರಿಕೊಂಡವು. ಆ ಅಧಿಕಾರಿ ಕಾಯುತ್ತಿದ್ದದ್ದು ಯಾರೋ ರೈತನ ತೋಟವನ್ನು. ಅದೂ ಹೋಮ್‌ಲ್ಯಾಂಡ್ ಸೆಕ್ಯುರಿಟಿಯೇ. ಆದರೆ ಅದನ್ನು ಅತ್ತೆಗೆ ಅರ್ಥವಾಗುವ ಹಾಗೆ ಹೇಳುವವರು ಆ ಹೊತ್ತಿಗೆ ಅಲ್ಲಿ ಯಾರೂ ಇರಲಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮತ್ತೆ ಇಲ್ಲಿಗೇ ಬರುತ್ತೇನೆ.

ಹಾಗಾದರೆ ಈ ಪದವಿಯಲ್ಲಿ ಏನು ಓದುತ್ತಾರೆ? ಬಂದೂಕು ಹಿಡಿಯುವುದನ್ನು ಕಲಿಸುವುದಿಲ್ಲ. ಕಾನೂನು, ಸಂವಿಧಾನ, ಅಪಾಯವನ್ನು ಅಳೆಯುವ ಬಗೆ, ಭಯೋತ್ಪಾದನೆಯ ಇತಿಹಾಸ, ವಿದ್ಯುತ್ತು, ನೀರು, ಬಂದರುಗಳ ರಕ್ಷಣೆ, ಸೈಬರ್ ಭದ್ರತೆ, ಸಾಂಕ್ರಾಮಿಕ ರೋಗ, ವಿಪತ್ತು ನಿರ್ವಹಣೆ ಇವೆಲ್ಲ ಬರುತ್ತವೆ. ಸಾಮಾನ್ಯವಾಗಿ 30ರಿಂದ 36 ಕ್ರೆಡಿಟ್ ಇರುತ್ತದೆ. ಕೆಲವು ಕಡೆ ಕೊನೆಯಲ್ಲಿ ಪ್ರಬಂಧ ಬರೆಯಬೇಕು. ಕ್ಯಾಲಿಫೋರ್ನಿಯಾದ ಮಾಂಟೆರೇಯಲ್ಲಿರುವ ನೇವಲ್ ಪೋಸ್ಟ್‌ಗ್ರಾಜುಯೇಟ್ ಸ್ಕೂಲ್ ಈ ವಿಷಯದಲ್ಲಿ ದೇಶದ ಮೊದಲ ಸ್ನಾತಕೋತ್ತರ ಪದವಿ ಆರಂಭಿಸಿತು. ಅಲ್ಲಿ ಶುಲ್ಕವಿಲ್ಲ, ಆದರೆ ಈಗಾಗಲೇ ಪೊಲೀಸ್, ಅಗ್ನಿಶಾಮಕ, ಆರೋಗ್ಯ ಮುಂತಾದ ಸರ್ಕಾರಿ ಕೆಲಸಗಳಲ್ಲಿ ಇರುವವರಿಗೆ ಮಾತ್ರ ಪ್ರವೇಶ. ಪೆನ್ ಸ್ಟೇಟ್‌ನಲ್ಲಿ ಆನ್‌ಲೈನ್ ಪದವಿ ಇದೆ. ನ್ಯೂಯಾರ್ಕ್ ರಾಜ್ಯದ ಆಲ್ಬನಿ ವಿಶ್ವವಿದ್ಯಾಲಯದಲ್ಲಿ 2015ರಲ್ಲಿ ಇದಕ್ಕೆಂದೇ ಒಂದು ಕಾಲೇಜು ಶುರುವಾಯಿತು. ನಮ್ಮ ಟೆಕ್ಸಸ್ ಎ ಅಂಡ್ ಎಂನ ಬುಷ್ ಸ್ಕೂಲಿನಲ್ಲಿ ಕಡಿಮೆ ಅವಧಿಯ ಸರ್ಟಿಫಿಕೇಟ್ ಸಿಗುತ್ತದೆ. ಹೆಸರುಗಳು ಬೇರೆ ಬೇರೆ ಇರುತ್ತವೆ. ಒಂದು ಕಡೆ ಭದ್ರತೆಗೆ ಒತ್ತು, ಇನ್ನೊಂದು ಕಡೆ ವಿಪತ್ತಿಗೆ. ಹೆಸರು ನೋಡಿ ಸೇರಬೇಡಿ, ಪಾಠಗಳ ಪಟ್ಟಿ ನೋಡಿ ಸೇರಿ.

ಅಲ್ಲಿ ಎಂಥ ಪ್ರಶ್ನೆ ಕೇಳುತ್ತಾರೆ ಅನ್ನುವುದಕ್ಕೆ ನಮ್ಮ ಊರಿನದೇ ಒಂದು ಉದಾಹರಣೆ ಹೇಳುತ್ತೇನೆ. 2005ರ ಸೆಪ್ಟೆಂಬರಿನಲ್ಲಿ ರೀಟಾ ಚಂಡಮಾರುತ ಬರುತ್ತದೆ ಅಂದಾಗ ಹ್ಯೂಸ್ಟನ್ ಸುತ್ತಮುತ್ತಲಿಂದ 25 ಲಕ್ಷಕ್ಕೂ ಹೆಚ್ಚು ಜನ ಒಟ್ಟಿಗೆ ಊರು ಬಿಟ್ಟರು. ರಸ್ತೆಗಳು ಕಟ್ಟಿಹೋದವು. ಬಿಸಿಲಿನಲ್ಲಿ, ಪೆಟ್ರೋಲ್ ಇಲ್ಲದೆ ಕಾರಿನಲ್ಲೇ ಗಂಟೆಗಟ್ಟಲೆ ಕೂತೆವು. ವೃದ್ಧಾಶ್ರಮದವರನ್ನು ಸಾಗಿಸುತ್ತಿದ್ದ ಬಸ್ಸಿಗೆ ಬೆಂಕಿ ಬಿದ್ದು 23 ಜನ ಸತ್ತರು. ಊರು ಬಿಡುವ ಗಡಿಬಿಡಿಯಲ್ಲಿ ಸತ್ತವರೇ ಒಟ್ಟು ಸುಮಾರು ನೂರು ಮಂದಿ. ಹನ್ನೆರಡು ವರ್ಷದ ನಂತರ 2017ರಲ್ಲಿ ಹಾರ್ವಿ ಬಂದಾಗ ಅದೇ ನೆನಪಿನಿಂದ ಮೇಯರ್ ಸಿಲ್ವೆಸ್ಟರ್ ಟರ್ನರ್ "ಊರು ಬಿಡಬೇಡಿ, ಮನೆಯಲ್ಲೇ ಇರಿ" ಅಂದರು. ಆಮೇಲೆ ಮನೆಗಳು ಮುಳುಗಿದವು. ಅವರು ಹೇಳಿದ್ದು ಸರಿಯೋ ತಪ್ಪೋ? ಇಂಥ ಪ್ರಶ್ನೆಗಳ ಮೇಲೆ ಮಗಳ ತರಗತಿಯಲ್ಲಿ ವಾರಗಟ್ಟಲೆ ಚರ್ಚೆ ನಡೆಯುತ್ತದೆ. ಪರೀಕ್ಷೆಯಲ್ಲಿ ಬರುವ ಹಾಗೆ ಒಂದೇ ಸರಿಯುತ್ತರ ಇಲ್ಲ.

ಹಾರ್ವಿಯ ಆ ರಾತ್ರಿಗಳೇ ಮಗಳನ್ನು ಈ ದಾರಿಗೆ ಎಳೆದವು. ಆಗ ಅವಳಿಗೆ ಹದಿನೈದು ವರ್ಷ.

ಆಗಸ್ಟ್ 25ರ ರಾತ್ರಿ ಚಂಡಮಾರುತ ದಡಕ್ಕೆ ಬಂತು. ಆಮೇಲೆ ನಾಲ್ಕು ದಿನ ಮಳೆ ನಿಲ್ಲಲಿಲ್ಲ. 28ರ ಬೆಳಗಿನ ಜಾವ ಊರಿನ ಪಶ್ಚಿಮಕ್ಕಿರುವ ಆಡಿಕ್ಸ್ ಮತ್ತು ಬಾರ್ಕರ್ ಜಲಾಶಯಗಳಿಂದ ನೀರು ಬಿಡಲು ಶುರುಮಾಡಿದರು. ನಮ್ಮ ಮನೆ ಸ್ವಲ್ಪ ಎತ್ತರದಲ್ಲಿದ್ದ ಕಾರಣ ಉಳಿಯಿತು. ವಿದ್ಯುತ್ತೂ ಇತ್ತು. ನಾವು ಕೆಲವು ಹೆಂಗಸರು ಕನ್ನಡ ಮನೆಗಳ ಫೋನ್ ನಂಬರುಗಳನ್ನು ಹಂಚಿಕೊಂಡು ಒಬ್ಬೊಬ್ಬರಿಗೇ ಫೋನ್ ಮಾಡತೊಡಗಿದೆವು. ಮಗಳು ನನ್ನ ಪಕ್ಕ ಕೂತು ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡಿದಳು: ಮಾತಾಡಿದೆವು, ಸಿಗಲಿಲ್ಲ, ಔಷಧಿ ಬೇಕು, ನೀರು ಬಾಗಿಲಿಗೆ ಬಂದಿದೆ.

‘ಸಿಗಲಿಲ್ಲ’ ಅನ್ನುವ ಪಟ್ಟಿಯಲ್ಲಿ ತುಮಕೂರು ಕಡೆಯ ವಯಸ್ಸಾದ ದಂಪತಿ ಇದ್ದರು. ಮಗ ವೈದ್ಯ, ಆಸ್ಪತ್ರೆಯಲ್ಲೇ ಉಳಿದಿದ್ದ. ಸೊಸೆ ಬೇರೆ ಊರಿನಲ್ಲಿ ಸಿಕ್ಕಿಹಾಕಿಕೊಂಡಿದ್ದಳು. ಇವರಿಬ್ಬರೇ ಮನೆಯಲ್ಲಿ. ಆಮೇಲೆ ಗೊತ್ತಾಯಿತು, ರಾತ್ರಿ ಫೋನಿನಲ್ಲಿ ಎಚ್ಚರಿಕೆಯ ಸಂದೇಶ ಕಿರುಚಿಕೊಂಡು ಬಂದಾಗ "ಫೋನು ಕೆಟ್ಟುಹೋಯ್ತು" ಅಂದುಕೊಂಡು ಆಫ್ ಮಾಡಿಟ್ಟಿದ್ದರಂತೆ. ಆಗ ಆ ಸಂದೇಶಗಳಿಗೆ 90 ಅಕ್ಷರದ ಮಿತಿ ಇತ್ತು, ಬರುತ್ತಿದ್ದದ್ದು ಇಂಗ್ಲಿಷಿನಲ್ಲಿ. ಬೆಳಿಗ್ಗೆ ಎಂಟಕ್ಕೆ ಅವರೇ ಫೋನ್ ಹಚ್ಚಿ ನಮಗೆ ಸಿಕ್ಕರು. "ನೀರು ಅಡುಗೆಮನೆಗೆ ಬಂದಿದೆಯಮ್ಮ, ನಾವು ಅಟ್ಟ ಹತ್ತಿ ಕೂತ್ಕೋತೀವಿ" ಅಂದರು ಆ ಹಿರಿಯರು. ನಮ್ಮ ಊರಿನಲ್ಲಾದರೆ ಅದೇ ಬುದ್ಧಿವಂತಿಕೆ. ಇಲ್ಲಿನ ಮನೆಗಳ ಅಟ್ಟಕ್ಕೆ ಹೊರಗೆ ಹೋಗಲು ಬಾಗಿಲಿರುವುದಿಲ್ಲ. 2005ರ ಕತ್ರೀನಾದಲ್ಲಿ ಅಟ್ಟ ಹತ್ತಿದ ಜನ ಅಲ್ಲೇ ಸಿಕ್ಕಿಬಿದ್ದು ಮುಳುಗಿದ್ದರು. ಅದನ್ನು ಟಿವಿಯಲ್ಲಿ ಆಗಷ್ಟೇ ಹೇಳಿದ್ದರು, ಇಂಗ್ಲಿಷಿನಲ್ಲಿ. "ಬೇಡಿ, ಅಟ್ಟ ಬೇಡಿ! ಎದುರು ಮನೆಗೆ ಮಹಡಿ ಇದೆಯಾ ನೋಡಿ" ಅಂತ ನಾನು ಕೂಗಿಕೊಂಡೆ. ಎದುರಿಗೆ ವಿಯೆಟ್ನಾಮಿನ ಕುಟುಂಬವೊಂದಿತ್ತು. ಮಗಳು ಅಪ್ಪನ ಫೋನಿನಿಂದ ಆ ವೈದ್ಯ ಮಗನನ್ನು ಹಿಡಿದು, ಎದುರು ಮನೆಯವರ ನಂಬರು ತೆಗೆದುಕೊಂಡು ಅವರಿಗೆ ಫೋನ್ ಮಾಡಿದಳು. ಅವರು ಬಂದು ಇಬ್ಬರನ್ನೂ ಕೈಹಿಡಿದು ನಡೆಸಿಕೊಂಡು ಹೋಗಿ ತಮ್ಮ ಮಹಡಿಯ ಮೇಲೆ ಕೂರಿಸಿಕೊಂಡರು. ಎರಡು ದಿನ ಅನ್ನ, ಬಾಳೆಹಣ್ಣು ಕೊಟ್ಟು ನೋಡಿಕೊಂಡರು.

ಫೋನಿಟ್ಟ ಮೇಲೆ ಮಗಳು ಕೇಳಿದಳು: "ಅಮ್ಮ, ಅಟ್ಟ ಹತ್ತಬಾರದು ಅಂತ ಇವರಿಗೆ ಮೊದ್ಲೇ ಯಾಕೆ ಯಾರೂ ಹೇಳಿರ್ಲಿಲ್ಲ?" ನನ್ನ ಹತ್ತಿರ ಉತ್ತರ ಇರಲಿಲ್ಲ. ನನ್ನ ಕನ್ನಡ ಎಂ.ಎ. ಈ ದೇಶದಲ್ಲಿ ಏನಕ್ಕೂ ಬರಲಿಲ್ಲ ಅಂತ ನಾನು ಎಷ್ಟೋ ಸಲ ಬೇಸರಪಟ್ಟುಕೊಂಡಿದ್ದೆ. ಆ ನಾಲ್ಕು ದಿನ ಮಾತ್ರ ಹಾಗನ್ನಿಸಲಿಲ್ಲ.

ಕಾಲೇಜಿನಲ್ಲಿ ಅವಳು ಸಾರ್ವಜನಿಕ ನೀತಿ ಓದಿದಳು. ಮುಗಿಯುವ ಹೊತ್ತಿಗೆ "ಹೋಮ್‌ಲ್ಯಾಂಡ್ ಸೆಕ್ಯುರಿಟಿಯಲ್ಲಿ ಮಾಸ್ಟರ್ಸ್" ಅಂದಳು. ಮನೆಯಲ್ಲಿ ದೊಡ್ಡ ಜಗಳವೇ ಆಯಿತು. ಇವಳಪ್ಪನದು ನೇರ ಪ್ರಶ್ನೆ: "ಕೆಲಸ ಸಿಗತ್ತಾ? ಸಂಬಳ ಎಷ್ಟು? ಕಂಪ್ಯೂಟರ್ ಸೈನ್ಸ್ ಮಾಡಿದೋರಿಗೇ ಈಗ ಕಷ್ಟ." ನನ್ನದು ಬೇರೆ ಭಯ. ಅದನ್ನು ಹೇಳಬೇಕಾದರೆ 2001ಕ್ಕೆ ಹೋಗಬೇಕು.

ಆ ಸೆಪ್ಟೆಂಬರಿನಲ್ಲಿ ನಾನು ಈ ದೇಶಕ್ಕೆ ಬಂದು ಎಂಟು ತಿಂಗಳಾಗಿತ್ತು. ದಾಳಿಯಾದ ನಾಲ್ಕನೇ ದಿನ ಅರಿಜೋನಾದ ಮೇಸಾದಲ್ಲಿ ಬಲ್ಬೀರ್ ಸಿಂಗ್ ಸೋಧಿ ಅನ್ನುವವರನ್ನು ಅವರ ಪೆಟ್ರೋಲ್ ಬಂಕಿನ ಮುಂದೆಯೇ ಗುಂಡಿಟ್ಟು ಕೊಂದರು. ಅವರು ಮಾಡಿದ್ದ ತಪ್ಪು ಒಂದೇ, ತಲೆಗೆ ಪೇಟ ಸುತ್ತಿದ್ದು. ನಾನು ಆ ತಿಂಗಳೆಲ್ಲ ಹಣೆಗೆ ಕುಂಕುಮ ಇಡದೆ ಅಂಗಡಿಗೆ ಹೋಗಿ ಬಂದೆ. ಇದನ್ನು ಅಮ್ಮನಿಗೂ ಹೇಳಿರಲಿಲ್ಲ. 2012ರಲ್ಲಿ ವಿಸ್ಕಾನ್ಸಿನ್‌ನ ಓಕ್ ಕ್ರೀಕ್ ಗುರುದ್ವಾರದಲ್ಲಿ, 2017ರ ಫೆಬ್ರವರಿಯಲ್ಲಿ ಕಾನ್ಸಸ್‌ನ ಒಲೇಥದಲ್ಲಿ ಮತ್ತೆ ಅದೇ ಆಯಿತು. ಒಲೇಥದಲ್ಲಿ ಸತ್ತ ಶ್ರೀನಿವಾಸ್ ಕೂಚಿಭೊಟ್ಲ ನಮ್ಮೆಲ್ಲರ ಮನೆಯ ಗಂಡಸರ ಹಾಗೆ ಕೆಲಸ ಮುಗಿಸಿ ಗೆಳೆಯನ ಜೊತೆ ಕೂತಿದ್ದ ಇಂಜಿನಿಯರು. ನಮ್ಮನ್ನು ಅನುಮಾನದಿಂದ ನೋಡುವ ದೇಶದಲ್ಲಿ ನನ್ನ ಮಗಳು ಆ ಇಲಾಖೆಗೇ ಹೋಗಿ ಕೂರುವುದು ನನಗೆ ಇಷ್ಟವಿರಲಿಲ್ಲ.

ಇನ್ನೊಂದು ಮಾತನ್ನೂ ಮುಚ್ಚಿಡುವುದಿಲ್ಲ. ಕಾಗದಪತ್ರ ಇಲ್ಲದ ವಲಸಿಗರನ್ನು ಹಿಡಿದು ಹೊರಗೆ ಕಳಿಸುವ ಕೆಲಸವೂ ಇದೇ ಇಲಾಖೆಯದು. ಅದರ ಬಗ್ಗೆ ಈ ದೇಶದಲ್ಲಿ ಎಷ್ಟು ಬಿಸಿ ಬಿಸಿ ವಾದ ನಡೆಯುತ್ತಿದೆ ಅಂತ ನಿಮಗೆ ಗೊತ್ತು. ನಾವೂ ವಲಸೆ ಬಂದವರೇ. ಮಗಳ ಶಾಲಾ ಗೆಳತಿಯೊಬ್ಬಳ ಮನೆಯವರು ಮಧ್ಯ ಅಮೆರಿಕದವರು. ಇವಳು ಈ ಪದವಿಗೆ ಸೇರಿದ ಸುದ್ದಿ ತಿಳಿದು ಅವಳು ತಿಂಗಳುಗಟ್ಟಲೆ ಮಾತು ಬಿಟ್ಟಳು. ಮಗಳು ಅತ್ತಳು, ಆದರೆ ಸೇರಿದ್ದನ್ನು ಬಿಡಲಿಲ್ಲ. ನನಗೆ ಅವಳು ಹೇಳಿದ್ದು ಇಷ್ಟು: "ಅಮ್ಮ, ಹಾರ್ವಿ ಟೈಮಲ್ಲಿ ಅವ್ರ ಬೀದಿಯ ಜನ ಶಿಬಿರಕ್ಕೆ ಹೋಗೋಕೇ ಹೆದರಿದ್ರು, ಅಲ್ಲಿ ಹಿಡ್ಕೊಂಡ್ ಬಿಡ್ತಾರೆ ಅಂತ. ಹೆದರಿಕೆಯಿಂದಾನೂ ಜನ ಮುಳುಗ್ತಾರೆ. ಯಾರನ್ನ ಮೊದ್ಲು ಎಬ್ಬಿಸ್ಬೇಕು, ಹೇಗೆ ಹೇಳ್ಬೇಕು ಅಂತ ತೀರ್ಮಾನ ಮಾಡೋ ಕೋಣೇಲಿ ನಮ್ಮಂಥೋರು ಒಬ್ಬರೂ ಇಲ್ದಿದ್ರೆ ಆ ತುಮಕೂರಿನ ತಾತನಂಥೋರ ನೆನಪು ಯಾರಿಗೆ ಬರತ್ತೆ? ನಾನು ಮನಸ್ಸು ಒಪ್ಪದ ಕೆಲ್ಸ ಮಾಡಲ್ಲ. ಆದ್ರೆ ಆ ಕೋಣೆಗೆ ಹೋಗ್ದೇ ಇರೋದೂ ಇಲ್ಲ."

ಈ ಮಾತಿಗೆ ನಾನು ಪೂರ್ತಿ ಸಮಾಧಾನ ಆದೆ ಅಂತ ಹೇಳಲಾರೆ. ಆದರೆ ಬೇಡ ಅನ್ನುವ ಬಾಯಿ ಕಟ್ಟಿಹೋಯಿತು. ನೀವೂ ಸೇರುವ ಮೊದಲು ಈ ಪ್ರಶ್ನೆಯನ್ನು ನಿಮಗೆ ನೀವೇ ಕೇಳಿಕೊಳ್ಳಿ: ಯಾವ ಕೆಲಸ ಮಾಡಲು ನಾನು ಸಿದ್ಧ, ಯಾವುದನ್ನು ಎಷ್ಟೇ ಸಂಬಳ ಕೊಟ್ಟರೂ ಮಾಡಲಾರೆ? ಉತ್ತರವನ್ನು ಎಲ್ಲಾದರೂ ಬರೆದಿಟ್ಟುಕೊಳ್ಳಿ. ಕೆಲಸ ಸಿಕ್ಕ ಮೇಲೆ ಯೋಚಿಸೋಣ ಅಂದರೆ ಆಗ ಯೋಚಿಸಲು ಬಿಡುವಿರುವುದಿಲ್ಲ.

ಈಗ ಆ ಫಾರ್ಮಿನ ಕಥೆ. ಓದುತ್ತಿರುವಾಗಲೇ ಮಗಳು ಕೇಂದ್ರ ಸರ್ಕಾರದ ಕಚೇರಿಯೊಂದರ ಇಂಟರ್ನ್‌ಶಿಪ್‌ಗೆ ಅರ್ಜಿ ಹಾಕಿದಳು. ರಹಸ್ಯ ಕಾಗದಗಳನ್ನು ನೋಡುವ ಕೆಲಸಗಳಿಗೆ ‘ಕ್ಲಿಯರೆನ್ಸ್’ ಬೇಕು. ಅದಕ್ಕೆ ಎಸ್‌ಎಫ್-86 ಅನ್ನುವ ಫಾರ್ಮು. ನೂರು ಪುಟಕ್ಕೂ ಮೀರಿದ್ದು. ಹತ್ತು ವರ್ಷ ಎಲ್ಲೆಲ್ಲಿ ವಾಸವಿದ್ದೆ, ಏಳು ವರ್ಷದಲ್ಲಿ ಯಾವ ಯಾವ ದೇಶಕ್ಕೆ ಹೋದೆ, ಅಪ್ಪ ಅಮ್ಮ ಎಲ್ಲಿ ಹುಟ್ಟಿದರು, ಎಲ್ಲವನ್ನೂ ಬರೆಯಬೇಕು. ಬೇರೆ ದೇಶದ ಪ್ರಜೆಗಳಲ್ಲಿ ಯಾರ ಜೊತೆ ನಿನಗೆ ನಿಕಟವಾದ, ಬಿಡದ ಸಂಪರ್ಕವಿದೆ ಅಂತಲೂ ಕೇಳುತ್ತಾರೆ. ಯಾವ ಬಗೆಯ ನಂಟು ಅಂತ ಆ ಫಾರ್ಮೇ ವಿವರಿಸುತ್ತದೆ: ಮಮತೆಯ ನಂಟು, ಪ್ರಭಾವದ ನಂಟು, ಒಂದೇ ಆಸಕ್ತಿಯ ನಂಟು, ಋಣದ ನಂಟು. ಸರ್ಕಾರಿ ಕಾಗದದಲ್ಲಿ ಮಮತೆಯ ಬಗ್ಗೆ ಪ್ರಶ್ನೆ ಇರುವುದನ್ನು ನಾನು ಅಲ್ಲೇ ಮೊದಲು ನೋಡಿದ್ದು.

ಒಂದು ಶನಿವಾರ ರಾತ್ರಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅರಸೀಕೆರೆಗೆ ವಿಡಿಯೊ ಕಾಲ್ ಮಾಡಿದೆವು. ನನ್ನ ಅಮ್ಮನ ಹುಟ್ಟಿದ ದಿನ ಬೇಕಿತ್ತು. "ಯುಗಾದಿ ಕಳೆದು ಎಂಟು ದಿನಕ್ಕೆ ಹುಟ್ಟಿದ್ದಂತೆ, ಇಸವಿ ಸ್ಕೂಲಿನೋರು ಬರೆದದ್ದು" ಅಂದರು ಅಮ್ಮ. ಪುಣ್ಯಕ್ಕೆ ಆ ಫಾರ್ಮಿನಲ್ಲಿ ‘ಅಂದಾಜು’ ಅಂತ ಒಂದು ಚೌಕ ಇದೆ. "ಯಾಕೆ ಪುಟ್ಟಿ, ಅಮೆರಿಕದ ಸರ್ಕಾರದೋರಿಗೆ ನನ್ನ ಹೆಸರು ಯಾಕೆ?" ಅಂತ ಅಮ್ಮ ಗಾಬರಿಯಾದರು. ಮಗಳು ತನ್ನ ತೊದಲು ಕನ್ನಡದಲ್ಲಿ, "ನೀನು ನಂಗೆ ಎಷ್ಟು ಹತ್ತಿರ ಅಂತ ಕೇಳ್ತಿದಾರೆ ಅಜ್ಜಿ" ಅಂದಳು. "ಹಂಗಾದ್ರೆ ತುಂಬಾ ಹತ್ತಿರ ಅಂತ ಬರಿ. ಮುಚ್ಚಿಡೋಕೆ ಏನಿದೆ?" ಅಂದರು ಅಮ್ಮ. ಅವರಿಗೆ ಗೊತ್ತಿಲ್ಲದೆಯೇ ಸರಿಯಾದ ಸಲಹೆ ಕೊಟ್ಟಿದ್ದರು. ಊರಿನಲ್ಲಿ ಅಜ್ಜಿ ಇರುವುದು ತಪ್ಪಲ್ಲ. ಗೊತ್ತಿದ್ದೂ ಮುಚ್ಚಿಟ್ಟರೆ ಅದು ಅಪರಾಧ.

ಕೊನೆಗೆ ಏನಾಯಿತು ಅಂತ ಕೇಳುತ್ತೀರಿ. ಒಂಬತ್ತು ತಿಂಗಳು ಕಾದೆವು. ಅಷ್ಟರಲ್ಲಿ ಆ ಹುದ್ದೆಯನ್ನೇ ರದ್ದು ಮಾಡಿದರು. ಅವಳು ಎರಡು ದಿನ ಕೋಣೆಯಿಂದ ಹೊರಗೆ ಬರಲಿಲ್ಲ. ಆಮೇಲೆ ಕೌಂಟಿಯೊಂದರ ತುರ್ತು ನಿರ್ವಹಣಾ ಕಚೇರಿಯಲ್ಲಿ ಸಣ್ಣ ಕೆಲಸಕ್ಕೆ ಸೇರಿದಳು. ಹಗಲು ಕೆಲಸ, ರಾತ್ರಿ ಆನ್‌ಲೈನಿನಲ್ಲಿ ಓದು. ಸಂಬಳ ಅವಳ ಐಟಿ ಗೆಳತಿಯರಿಗಿಂತ ತುಂಬ ಕಡಿಮೆ.

ಈ ಅನುಭವದಿಂದ ಕಲಿತದ್ದನ್ನು ನಾಲ್ಕು ಮಾತಿನಲ್ಲಿ ಹೇಳುತ್ತೇನೆ.

ಒಂದು, ಪೌರತ್ವ. ಕೇಂದ್ರದ ಇಂಥ ಕೆಲಸಗಳಿಗೆ ಬಹುಮಟ್ಟಿಗೆ ಅಮೆರಿಕದ ಪೌರತ್ವ ಬೇಕೇ ಬೇಕು. ಇಲ್ಲಿ ಹುಟ್ಟಿದ ನಿಮಗೆ ತೊಂದರೆಯಿಲ್ಲ. ಚಿಕ್ಕಂದಿನಲ್ಲಿ ಬಂದು ಇನ್ನೂ ಗ್ರೀನ್ ಕಾರ್ಡಿಗೆ ಕಾಯುತ್ತಿರುವವರು ಮೊದಲೇ ವಿಚಾರಿಸಿಕೊಳ್ಳಿ. ಒಸಿಐ ಕಾರ್ಡು ಭಾರತದ ಪೌರತ್ವವಲ್ಲ. ಆದರೂ ಕೇಳಿದರೆ ಇದೆ ಅಂತಲೇ ಹೇಳಿ.

ಎರಡು, ನಿಮ್ಮ ನಡತೆ. ಗಾಂಜಾ ಕೆಲವು ರಾಜ್ಯಗಳಲ್ಲಿ ಕಾನೂನಿನ ಪ್ರಕಾರ ಸಿಗಬಹುದು, ಕೇಂದ್ರದ ಕಾನೂನು ಒಪ್ಪುವುದಿಲ್ಲ. ಅದನ್ನೂ ಆ ಫಾರ್ಮು ಕೇಳುತ್ತದೆ. ತೀರಿಸದ ಸಾಲ, ಕಟ್ಟದ ತೆರಿಗೆಯನ್ನೂ ನೋಡುತ್ತಾರೆ. ಇದು ಆಂಟಿಯ ಉಪದೇಶವಲ್ಲ, ಅವರ ನಿಯಮ.

ಮೂರು, ದುಡ್ಡು. ದೊಡ್ಡ ಸಾಲ ಮಾಡಿ, ಅನುಭವವಿಲ್ಲದೆ, ಕಾಲೇಜು ಮುಗಿದ ಕೂಡಲೇ ಈ ಪದವಿಗೆ ಹಾರಬೇಡಿ. ಕೇಂದ್ರದ ಕೆಲಸವನ್ನು ಮಾತ್ರ ನಂಬಿಕೊಂಡೂ ಕೂರಬೇಡಿ, ಅಲ್ಲಿನ ಗಾಳಿ ಯಾವಾಗ ಯಾವ ಕಡೆ ಬೀಸುತ್ತದೋ ಹೇಳಲಾಗದು. ರಾಜ್ಯ, ಕೌಂಟಿ, ಆಸ್ಪತ್ರೆ, ಬಂದರು, ವಿದ್ಯುತ್ ಕಂಪನಿ, ವಿಶ್ವವಿದ್ಯಾಲಯ ಎಲ್ಲ ಕಡೆ ಇದೇ ವಿದ್ಯೆಯ ಕೆಲಸಗಳಿವೆ. ಒಂದೆರಡು ವರ್ಷ ಕೆಲಸ ಮಾಡಿ ಆಮೇಲೆ ಓದಿ. ಕೆಲವು ಕಡೆ ಕೆಲಸ ಕೊಟ್ಟವರೇ ಶುಲ್ಕದಲ್ಲಿ ಪಾಲು ಕೊಡುತ್ತಾರೆ.

ನಾಲ್ಕು, ರುಚಿ ನೋಡಿ. ಫೀಮಾದ ಐಎಸ್-100, ಐಎಸ್-700 ಅನ್ನುವ ಆನ್‌ಲೈನ್ ಪಾಠಗಳಿಗೆ ದುಡ್ಡಿಲ್ಲ, ಕೆಲವೇ ಗಂಟೆ ಸಾಕು. ‘ಸರ್ಟ್’ ಅನ್ನುವ ಸ್ವಯಂಸೇವಕರ ತರಬೇತಿ ಎಷ್ಟೋ ಊರುಗಳಲ್ಲಿ ನಡೆಯುತ್ತದೆ. ಲಾಸ್ ಏಂಜಲಿಸ್‌ನ ಅಗ್ನಿಶಾಮಕ ದಳ 1985ರಲ್ಲಿ ಶುರುಮಾಡಿದ್ದು ಅದು. ಸುಮಾರು ಇಪ್ಪತ್ತು ಗಂಟೆಯ ತರಬೇತಿ. ಹಾರ್ವಿ ಆದ ಮೇಲೆ ನಾನೂ ಮಾಡಿದೆ. ಬೆಂಕಿ ನಂದಿಸುವ ಸಿಲಿಂಡರ್ ಹಿಡಿದು ನಿಂತ ನನ್ನ ಫೋಟೊ ನೋಡಿ ಅರಸೀಕೆರೆಯಲ್ಲಿ ಎಲ್ಲರೂ ನಕ್ಕರು. ನಗಲಿ ಬಿಡಿ. ಅಲ್ಲಿ ನಿಮಗೆ ಬೇಸರ ಬಂದರೆ ಈ ಪದವಿ ನಿಮಗಲ್ಲ. ಇನ್ನೂ ಕಲಿಯಬೇಕು ಅನ್ನಿಸಿದರೆ ಮುಂದೆ ಹೋಗಿ.

ಇವಳಪ್ಪ ಒಪ್ಪಿದ್ದು ಹೇಗೆ ಅಂತ ಹೇಳಲಿಲ್ಲ ಅಲ್ಲವೇ? 2025ರ ಜುಲೈ 4ರ ನಸುಕಿನಲ್ಲಿ ನಮ್ಮ ಟೆಕ್ಸಸ್‌ನ ಗ್ವಾಡಲೂಪೆ ನದಿ ಉಕ್ಕಿತು. ಆ ಪ್ರವಾಹಗಳಲ್ಲಿ 130ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬೇಸಿಗೆ ಶಿಬಿರಕ್ಕೆ ಹೋಗಿದ್ದ ಪುಟ್ಟ ಹೆಣ್ಣುಮಕ್ಕಳೂ ಇದ್ದರು. ಎಚ್ಚರಿಕೆ ಯಾರಿಗೆ ತಲುಪಿತು, ಯಾರಿಗೆ ತಲುಪಲಿಲ್ಲ ಅನ್ನುವ ಚರ್ಚೆ ಟಿವಿಯಲ್ಲಿ ದಿನಗಟ್ಟಲೆ ನಡೆಯಿತು. ಇವರು ಒಂದು ಸಂಜೆ ಟಿವಿ ಆರಿಸಿ, ಮಗಳ ಕೋಣೆಯ ಬಾಗಿಲಲ್ಲಿ ನಿಂತು, "ನಿನ್ನ ಥೀಸಿಸ್ ಎಲ್ಲಿಗೆ ಬಂತು?" ಅಂತ ಕೇಳಿದರು. ಅಷ್ಟೇ. ನಮ್ಮ ಮನೆಯಲ್ಲಿ ಒಪ್ಪಿಗೆ ಅಂದರೆ ಹಾಗೇ.

ಆ ಪ್ರಬಂಧದ ವಿಷಯ ನಿಮಗೆ ಈಗಾಗಲೇ ಹೊಳೆದಿರಬಹುದು. ಇಂಗ್ಲಿಷ್ ಬಾರದ ಹಿರಿಯರಿಗೆ ವಿಪತ್ತಿನ ಎಚ್ಚರಿಕೆ ಹೇಗೆ ತಲುಪಬೇಕು ಅನ್ನುವುದು. ಈಗ ಸಂದೇಶಗಳಿಗೆ 360 ಅಕ್ಷರದ ಅವಕಾಶ ಇದೆ, ಸ್ಪ್ಯಾನಿಷಿನಲ್ಲೂ ಕಳಿಸಬಹುದು. 2025ರ ಆರಂಭದಲ್ಲಿ ಎಫ್‌ಸಿಸಿ ಸಿದ್ಧ ಸಂದೇಶಗಳಿಗೆಂದು ಆರಿಸಿದ 13 ಭಾಷೆಗಳಲ್ಲಿ ಹಿಂದಿ ಇದೆ, ಕನ್ನಡ ಇಲ್ಲ. ನಾವು ಇರುವುದು ಕಡಿಮೆ ಜನ, ಕೋಪ ಮಾಡಿಕೊಂಡು ಪ್ರಯೋಜನವಿಲ್ಲ. ಆ ಕೊರತೆಯನ್ನು ತುಂಬಬೇಕಾದವರು ಎರಡೂ ಭಾಷೆ ಬಲ್ಲ ನೀವು. ‘ಶೆಲ್ಟರ್ ಇನ್ ಪ್ಲೇಸ್’ ಅನ್ನುವುದನ್ನು ಕನ್ನಡದಲ್ಲಿ ಏನಂತ ಹೇಳುವುದು ಅಂತ ಮಗಳು ನನ್ನನ್ನು ಕೇಳಿದಳು. ನಾನು ‘ಸ್ವಸ್ಥಳ ಆಶ್ರಯ’ ಅಂತೆಲ್ಲ ಎಂ.ಎ. ಕನ್ನಡ ಹುಡುಕಿದೆ. ಅವಳು ಅಜ್ಜಿಗೆ ಫೋನ್ ಮಾಡಿ ಪರೀಕ್ಷೆ ಮಾಡಿದಳು. ಅಜ್ಜಿಗೆ ಅರ್ಥವಾಗಲಿಲ್ಲ. ಕೊನೆಗೆ ‘ಇದ್ದಲ್ಲೇ ಇರಿ, ಬಾಗಿಲು ಹಾಕಿಕೊಳ್ಳಿ, ಹೊರಗೆ ಬರಬೇಡಿ’ ಅಂತಾಯಿತು. ಅಜ್ಜಿ, "ಇದನ್ನ ಮೊದ್ಲೇ ಹೇಳ್ಬಾರ್ದಾ?" ಅಂದರು.

ಚಿತ್ರಾನ್ನದ ಸಾಲಿನಲ್ಲಿ ಕೇಳಿದ ಆ ಹುಡುಗನಿಗೆ ನನ್ನ ಉತ್ತರ ಇದು ಕಣಪ್ಪ: ಸಮವಸ್ತ್ರ ನೋಡಿ ಹೋಗಬೇಡ, ಹೆಸರಿಗೆ ಹೆದರಿ ಬಿಡಲೂ ಬೇಡ. ಯಾರನ್ನು ಕಾಯಬೇಕು ಅಂತ ನಿನ್ನ ಮನಸ್ಸಿನಲ್ಲಿ ಒಂದು ಮುಖ ಇದೆಯಾ ನೋಡಿಕೋ. ಇದ್ದರೆ ಓದು. ಅಪ್ಪ ಅಮ್ಮನಿಗೆ ವಾದ ಮಾಡಿ ಒಪ್ಪಿಸಬೇಡ, ಆ ಮುಖದ ಕಥೆ ಹೇಳು.

ಓದದೇ ಇರುವ ಉಳಿದವರಿಗೂ ಒಂದು ಮನೆಗೆಲಸ ಕೊಡುತ್ತೇನೆ, ಹೇಳಿಕೇಳಿ ನಾನು ಕನ್ನಡ ಟೀಚರ್. ಈ ವಾರ ನಿಮ್ಮ ಮನೆಯಲ್ಲಿರುವ ಅಜ್ಜಿ ತಾತನ ಫೋನಿನಲ್ಲಿ ಎಚ್ಚರಿಕೆಯ ಸಂದೇಶ ಬರುವ ಹಾಗೆ ಮಾಡಿಕೊಡಿ. ಆ ಕಿರುಚುವ ಶಬ್ದ ಏನು ಅಂತ ಕನ್ನಡದಲ್ಲಿ ತಿಳಿಸಿ ಹೇಳಿ. ಎದುರು ಮನೆಯವರ ನಂಬರನ್ನು ಫ್ರಿಜ್ಜಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ. ಅಟ್ಟ ಹತ್ತಬೇಡಿ ಅನ್ನುವುದನ್ನೂ ಹೇಳಿ.